ತುಕ್ಕು ಮತ್ತು ಕಿಲುಬು

2025ರ ಜನವರಿ 23ರಂದು ಚೆನ್ನೈನ ಕೋಟೂರುಪುರಂನಲ್ಲಿರುವ ಅಣ್ಣಾ ಶತಮಾನೋತ್ಸವ ಗ್ರಂಥಾಲಯದಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಎಂ. ಕೆ. ಸ್ಟಾಲಿನ್ ಒಂದು ವರದಿ ಬಿಡುಗಡೆ ಮಾಡಿದರು. ಪುರಾತತ್ವ ವರದಿಯ ಬಿಡುಗಡೆ ಎಂದರೆ ಸಾಮಾನ್ಯವಾಗಿ ನಾಲ್ಕು ಜನ ಪ್ರಾಧ್ಯಾಪಕರು, ಒಂದು ತಟ್ಟೆ ಬಿಸ್ಕತ್ತು. ಇದಕ್ಕೆ ಮಾತ್ರ ಹಿಂದಿನ ದಿನವೇ ಡಂಗುರ ಹೊಡೆದಾಗಿತ್ತು. ವರದಿಯ ಹೆಸರು 'ಇರುಂಬಿನ್ ತೊನ್ಮೈ', ಅಂದರೆ ಕಬ್ಬಿಣದ ಪ್ರಾಚೀನತೆ. ಬರೆದವರು ಪುರಾತತ್ವಜ್ಞರಾದ ಕೆ. ರಾಜನ್ ಮತ್ತು ಆರ್. ಶಿವಾನಂದಂ. ತಮಿಳು ನೆಲದಲ್ಲಿ 5300 ವರ್ಷಗಳ ಹಿಂದೆಯೇ ಕಬ್ಬಿಣ ಬಳಕೆಯಲ್ಲಿತ್ತು ಎಂಬುದು ಅದರ ಸಾರ. ಅದರಲ್ಲಿರುವ ಅತ್ಯಂತ ಹಳೆಯ ಕಾಲಮಾನ ಕ್ರಿ.ಪೂ. 3345. ಮಾದರಿ ಸಿಕ್ಕಿದ್ದು ಶಿವಗಳೈ ಎಂಬ ಊರಿನ ಹೂಳು-ಮಡಕೆಗಳ ಸ್ಮಶಾನದಲ್ಲಿ.

ಈ ಸಂಖ್ಯೆ ಎಷ್ಟು ದೊಡ್ಡದು ಎಂದು ತಿಳಿಯಲು ಒಂದು ಹೋಲಿಕೆ ಸಾಕು. ಈಜಿಪ್ಟಿನ ಗೆರ್ಜೆಯಲ್ಲಿ ಕ್ರಿ.ಪೂ. 3200ರ ಸುಮಾರಿನ ಕಬ್ಬಿಣದ ಮಣಿಗಳು ಸಿಕ್ಕಿವೆ. ಅವು ಆಕಾಶದಿಂದ ಬಿದ್ದ ಉಲ್ಕೆಯ ಕಬ್ಬಿಣವನ್ನು ತಟ್ಟಿ ಮಾಡಿದವು. ಅದಿರನ್ನು ಕರಗಿಸಿ ಕಬ್ಬಿಣ ತೆಗೆಯುವ ವಿದ್ಯೆ ಪಶ್ಚಿಮ ಏಷ್ಯಾದಲ್ಲಿ ನೆಲೆಗೊಂಡದ್ದು ಅದಾಗಿ ಸುಮಾರು 2000 ವರ್ಷಗಳ ಮೇಲೆ ಎಂಬುದು ಪಠ್ಯಪುಸ್ತಕದ ಪಾಠ. ಮೊದಲು ಕಲ್ಲು, ಆಮೇಲೆ ತಾಮ್ರ, ತಾಮ್ರಕ್ಕೆ ತವರ ಬೆರೆಸಿ ಕಂಚು, ಕೊನೆಗೆ ಕಬ್ಬಿಣ: ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ ಸರಣಿ ಇದು. ಶಿವಗಳೈನ ಸಂಖ್ಯೆ ನಿಂತರೆ, ಸಿಂಧೂ ಬಯಲಿನ ಜನ ತಾಮ್ರದಲ್ಲಿ ಪಳಗುತ್ತಿದ್ದ ಕಾಲಕ್ಕೆ ದಕ್ಷಿಣದವರು ಕಬ್ಬಿಣದಲ್ಲಿ ಪಳಗಿದ್ದರು ಎಂದಾಗುತ್ತದೆ. ನಿಲ್ಲುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ರಾಜಕಾರಣದಲ್ಲಿಲ್ಲ. ಅದು ಈ ಎರಡು ಲೋಹಗಳ ಗುಣದಲ್ಲೇ ಅಡಗಿದೆ.

ಶಿವಗಳೈ ಇರುವುದು ತೂತ್ತುಕ್ಕುಡಿ ಜಿಲ್ಲೆಯಲ್ಲಿ, ತಾಮಿರಬರಣಿ ಹೊಳೆಯ ಸೀಮೆಯಲ್ಲಿ. ಸಂಸ್ಕೃತದಲ್ಲಿ ಅದೇ ತಾಮ್ರಪರ್ಣಿ. ತಾಮ್ರದ ಹೆಸರು ಹೊತ್ತ ಹೊಳೆಯ ದಂಡೆಯಲ್ಲಿ ಕಬ್ಬಿಣದ ಅತಿ ಹಳೆಯ ಕುರುಹು ಸಿಕ್ಕಿತೆಂಬುದು ವಿಚಿತ್ರವೇ. ಅದೇ ಹೊಳೆಯ ದಂಡೆಯ ಇನ್ನೊಂದು ಊರು ಆದಿಚ್ಚನಲ್ಲೂರು. ನೂರು ಎಕರೆಗೂ ಮಿಕ್ಕಿದ ಸ್ಮಶಾನವದು. 1876ರಲ್ಲಿ ಬರ್ಲಿನ್ನಿನ ಯಾಗೊರ್ ಎಂಬ ಪಂಡಿತ ಅಲ್ಲಿ ಅಗೆದು, ಸಿಕ್ಕಿದ್ದನ್ನು ಗಂಟುಕಟ್ಟಿ ಜರ್ಮನಿಗೆ ಒಯ್ದ. 1899ರಿಂದ ಕೆಲವು ವರ್ಷ ಅಲೆಕ್ಸಾಂಡರ್ ರಿಯಾ ಅಗೆಸಿದಾಗ ಸಿಕ್ಕ ರಾಶಿ ಮಾತ್ರ ಮದ್ರಾಸಿಗೆ, ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಬಂತು. 1915ರಲ್ಲಿ ಅದರ ಪಟ್ಟಿಯೂ ಅಚ್ಚಾಯಿತು.

ಆ ಪಟ್ಟಿಯನ್ನು ತಿರುವಿದರೆ ಎರಡು ಲೋಹಗಳ ನಡುವಿನ ಕೆಲಸದ ಹಂಚಿಕೆ ಕಣ್ಣಿಗೆ ಹೊಡೆಯುತ್ತದೆ. ಕತ್ತಿ, ಬಾಕು, ಭರ್ಜಿಯ ಮೊನೆ, ಬಾಣದ ತುದಿ, ಗುದ್ದಲಿ, ತ್ರಿಶೂಲ ಎಲ್ಲ ಕಬ್ಬಿಣ. ಮುಚ್ಚಳದ ಮೇಲೆ ಎಮ್ಮೆ, ಹಕ್ಕಿ ಕೂರಿಸಿದ ಪಾತ್ರೆ, ಜರಡಿ ಬಟ್ಟಲು, ಬಳೆ ಎಲ್ಲ ಕಂಚು. ಒಂದು ಕೆಲಸಕ್ಕೆ, ಇನ್ನೊಂದು ಚೆಂದಕ್ಕೆ. ಸತ್ತವರ ಜೊತೆ ಎರಡನ್ನೂ ಹೂತಿದ್ದಾರೆ. ಇಷ್ಟು ಶತಮಾನ ಕಳೆದ ಮೇಲೆ ಎಮ್ಮೆಯ ಕೊಂಬು ಇನ್ನೂ ಕೊಂಬಿನಂತೆಯೇ ಇದೆ. ಕತ್ತಿಗಳು ಮಾತ್ರ ಊದಿ, ಬಿರಿದು, ಪದರು ಪದರಾಗಿ ಮರದ ತೊಗಟೆಯಂತಾಗಿವೆ.

ಕನ್ನಡಕ್ಕೆ ಇದನ್ನು ಹೇಳಲು ಎರಡು ಬೇರೆ ಪದಗಳಿವೆ. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ತಾಮ್ರ ಹಿತ್ತಾಳೆಗೆ ಹಿಡಿಯುವುದು ಕಿಲುಬು. ಹುಣಿಸೆಹಣ್ಣು ಹಾಕಿ ತಿಕ್ಕಿದರೆ ಕಿಲುಬು ಹೋಗಿ ಚೊಂಬು ಮತ್ತೆ ಹೊಳೆಯುತ್ತದೆ ಎಂಬುದು ಅಡುಗೆಮನೆಯ ಅನುಭವ. ತುಕ್ಕು ಹಿಡಿದ ಕುಡುಗೋಲನ್ನು ಎಷ್ಟು ಉಜ್ಜಿದರೂ ಹೋಗುವುದು ತುಕ್ಕಷ್ಟೇ ಅಲ್ಲ, ಕುಡುಗೋಲೂ ಸವೆಯುತ್ತದೆ.

ಹೆಸರುಗಳ ಕಥೆಯೂ ಇಷ್ಟೇ ಸ್ವಾರಸ್ಯದ್ದು. ಹಳಗನ್ನಡದಲ್ಲಿ 'ಪೊನ್' ಎಂದರೆ ಚಿನ್ನ, ಜೊತೆಗೆ ಸಾಮಾನ್ಯ ಅರ್ಥದಲ್ಲಿ ಲೋಹ. ಕರಿದಾದ ಪೊನ್ನು ಕರ್ಬುನ. ಅದು ಕಬ್ಬುನವಾಗಿ, ಈಗ ಕಬ್ಬಿಣ. ತಮಿಳಿನ ಹಳೆಯ ಕಾವ್ಯಭಾಷೆಯಲ್ಲೂ 'ಕರುಂಪೊನ್' ಎಂಬ ಇದೇ ಜೋಡಿಪದವಿದೆ. ತಾಮ್ರಕ್ಕೆ ತಮಿಳರು ಹೇಳುವುದು 'ಚೆಂಬು', ಅಂದರೆ ಕೆಂಪಾದದ್ದು. ಕನ್ನಡದಲ್ಲಿ ಅದೇ ಪದ ನೀರಿನ ಚೆಂಬಾಗಿ, ಚೊಂಬಾಗಿ ಉಳಿದಿದೆ. ಇಲ್ಲೊಂದು ಸಣ್ಣ ಸುಳಿವಿದೆ. ತಮಿಳಿನಲ್ಲಿ ಇ, ಎ ಸ್ವರಗಳ ಹಿಂದಿದ್ದ ಕಕಾರ ಚಕಾರವಾಯಿತು. ಕನ್ನಡದಲ್ಲಿ ಕಕಾರ ಹಾಗೆಯೇ ಉಳಿಯಿತು. ಅಲ್ಲಿ ಚೆವಿ, ಇಲ್ಲಿ ಕಿವಿ. ಅಲ್ಲಿ ಚೆಂ, ಇಲ್ಲಿ ಕೆಂ. ಕನ್ನಡದ ಸ್ವಂತ ಪದವಾಗಿದ್ದರೆ ಚೆಂಬು 'ಕೆಂಬು' ಆಗಬೇಕಿತ್ತು. ಹಾಗಾಗಿ ಪಾತ್ರೆಯೂ ಹೆಸರೂ ನೆರೆಮನೆಯ ಕಡೆಯಿಂದ ಬಂದಿರಬೇಕು, ಕಬ್ಬಿಣದ ಹೆಸರು ಮಾತ್ರ ಮನೆಯದೇ. ಒಂದು ಪದದ ಮೇಲೆ ಇತಿಹಾಸದ ಮಾಳಿಗೆ ಕಟ್ಟಬಾರದು ನಿಜ. ಆದರೂ ನೆನಪಿಟ್ಟುಕೊಳ್ಳಬೇಕಾದ ಸುಳಿವು.

ಸಂಸ್ಕೃತವೂ ಬಣ್ಣದಿಂದಲೇ ಬೇರೆ ಮಾಡಿತು. ಋಗ್ವೇದದ 'ಅಯಸ್' ಯಾವ ಲೋಹ ಎಂಬ ಬಗ್ಗೆ ವಾದವಿದೆ. ತಾಮ್ರ ಅಥವಾ ಕಂಚು ಎಂಬುದು ಹಲವರ ಮತ. ಯಜುರ್ವೇದದ ಕಾಲಕ್ಕೆ 'ಶ್ಯಾಮ' ಮತ್ತು 'ಲೋಹ' ಎಂದು ಬೇರೆ ಬೇರೆಯಾಗಿ ಹೇಳಬೇಕಾಯಿತು, ಕರಿದು ಮತ್ತು ಕೆಂಪು. ಅಂದರೆ 'ಲೋಹ' ಮೊದಲಿಗೆ ಕೆಂಪು ಲೋಹವಾದ ತಾಮ್ರದ ಹೆಸರು. ಶ್ರೀಲಂಕೆಯ ಅನುರಾಧಪುರದ 'ಲೋಹಪ್ರಾಸಾದ'ಕ್ಕೆ ಆ ಹೆಸರು ಬಂದದ್ದು ಅದರ ತಾಮ್ರದ ಮಾಡಿನಿಂದ. ಆಮೇಲೆ ಲೋಹ ಎಂದರೆ ಕಬ್ಬಿಣವಾಯಿತು, ಕೊನೆಗೆ ಎಲ್ಲ ಲೋಹವೂ ಆಯಿತು. ಹೊಸದಾಗಿ ಬಂದದ್ದು ಹಳೆಯದರ ಹೆಸರನ್ನೇ ಹೊದ್ದುಕೊಂಡು ಕೂತ ಉದಾಹರಣೆ.

ಬಣ್ಣದಿಂದ ಹೆಸರಿಟ್ಟ ಹಿರಿಯರಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಆದರೆ ಅವರ ಕಣ್ಣು ಸರಿಯಾದ ಕಡೆಗೇ ಹೋಗಿತ್ತು. ಕಬ್ಬಿಣದ ಪರಮಾಣು ಸಂಖ್ಯೆ 26, ತಾಮ್ರದ್ದು 29. ಎರಡೂ ಸಂಕ್ರಮಣ ಧಾತುಗಳ ಒಂದೇ ಸಾಲಿನವು. ಅವುಗಳ ಪರಮಾಣುವಿನಲ್ಲಿ ಹೊರಗಿನದಕ್ಕಿಂತ ಒಂದು ಪದರು ಒಳಗಿನ ಎಲೆಕ್ಟ್ರಾನುಗಳೂ ರಾಸಾಯನಿಕ ಕ್ರಿಯೆಗೆ ಇಳಿಯುತ್ತವೆ. ಹಾಗಾಗಿ ಇವು ಆಮ್ಲಜನಕದ ಜೊತೆ, ಕ್ಲೋರಿನ್ ಜೊತೆ ಒಂದೇ ರೀತಿಯಲ್ಲಿ ಅಲ್ಲ, ಎರಡು ಮೂರು ರೀತಿಯಲ್ಲಿ ಕೂಡಬಲ್ಲವು. ಕೂಡಿದಾಗ ಬೆಳಕಿನ ಕೆಲವು ಬಣ್ಣಗಳನ್ನು ಹೀರಿಕೊಳ್ಳುತ್ತವೆ, ಉಳಿದದ್ದು ನಮ್ಮ ಕಣ್ಣಿಗೆ ಬೀಳುತ್ತದೆ. ಸುಣ್ಣವಾಗಲಿ ಉಪ್ಪಾಗಲಿ ಬೆಳ್ಳಗಿರುವುದು, ಮೈಲುತುತ್ತ ನೀಲಿಯಾಗಿರುವುದು, ಕಾವಿಮಣ್ಣು ಕೆಂಪಾಗಿರುವುದು ಈ ಕಾರಣಕ್ಕೆ. ತಮಾಷೆ ಏನೆಂದರೆ ಮಣ್ಣಿಗೆ ಬಿದ್ದ ಮೇಲೆ ಬಣ್ಣ ಅದಲು ಬದಲಾಗುತ್ತದೆ. ಕೆಂಪು ಲೋಹ ಹಸಿರಾಗುತ್ತದೆ, ಕರಿ ಲೋಹ ಕೆಂಪಾಗುತ್ತದೆ. ಚೆನ್ನೈನ ಕಾಸಿಮೇಡು ಬಂದರಿನ ಮೀನು ಮಾರುಕಟ್ಟೆಯಲ್ಲಿ ಇದರ ಇನ್ನೊಂದು ರೂಪವಿದೆ. ಮೀನಿನ ರಕ್ತ ನಮ್ಮದರಂತೆ ಕೆಂಪು, ಅದರಲ್ಲಿ ಉಸಿರು ಹೊರುವುದು ಕಬ್ಬಿಣ. ಪಕ್ಕದ ಬುಟ್ಟಿಯ ಏಡಿ, ಸಿಗಡಿಗಳಲ್ಲಿ ಆ ಕೆಲಸ ತಾಮ್ರದ್ದು, ಗಾಳಿಗೆ ಅವುಗಳ ರಕ್ತ ನೀಲಿಗೆ ತಿರುಗುತ್ತದೆ.

ಉಳಿದ ಗುಣಗಳಲ್ಲಿ ಇಬ್ಬರೂ ದೂರದ ದಾಯಾದಿಗಳು. ತಾಮ್ರ 1085 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಕಬ್ಬಿಣಕ್ಕೆ 1538 ಬೇಕು. ತಾಮ್ರ ವಿದ್ಯುತ್ತನ್ನು ಕಬ್ಬಿಣಕ್ಕಿಂತ ಸುಮಾರು 6 ಪಟ್ಟು ಚೆನ್ನಾಗಿ ಒಯ್ಯುತ್ತದೆ. 1895ರಲ್ಲಿ ಮದ್ರಾಸಿನಲ್ಲಿ ವಿದ್ಯುತ್ ಟ್ರಾಮ್ ಓಡತೊಡಗಿದಾಗ ಭಾರ ಹೊರುವ ಹಳಿ ಕಬ್ಬಿಣದ ಪಾಲಾಗಿ, ಕರೆಂಟು ಒಯ್ಯುವ ಕೆಲಸ ತಾಮ್ರದ ಪಾಲಾದದ್ದು ಅದಕ್ಕೇ. ಆದಿಚ್ಚನಲ್ಲೂರಿನ ಹಂಚಿಕೆಯೇ ಇನ್ನೊಂದು ವೇಷದಲ್ಲಿ. ಆದರೆ ಇತಿಹಾಸವನ್ನು ತಿರುಗಿಸಿದ ವ್ಯತ್ಯಾಸ ಬೇರೆಯದು: ಯಾವುದು ಎಷ್ಟು ಸಿಗುತ್ತದೆ ಎಂಬುದು. ಭೂಮಿಯ ಹೊರಪದರದಲ್ಲಿ ಕಬ್ಬಿಣ ನೂರಕ್ಕೆ ಸುಮಾರು 5 ಪಾಲಿದೆ. ತಾಮ್ರ 10 ಲಕ್ಷಕ್ಕೆ ಸುಮಾರು 60 ಪಾಲು.

ತಾಮ್ರದ ಯುಗ ಮೊದಲು ಬಂದದ್ದಕ್ಕೆ ಕಾರಣ ಅದರ ಸೌಲಭ್ಯ. ಅದಿರಿನ ಬಣ್ಣವೇ ಕರೆಯುತ್ತದೆ, ಕೆಲವು ಕಡೆ ಶುದ್ಧ ತಾಮ್ರವೇ ಬಂಡೆಯ ಸಂದಿನಲ್ಲಿ ಸಿಗುತ್ತದೆ, ಒಳ್ಳೆಯ ಇದ್ದಿಲ ಒಲೆಗೆ ತಿದಿ ಒತ್ತಿದರೆ ಕರಗಿ ಅಚ್ಚಿಗೆ ಇಳಿಯುತ್ತದೆ. ಕಬ್ಬಿಣ ಹಾಗಲ್ಲ. ಹಳೆಯ ಕುಲುಮೆಗಳು ಮುಟ್ಟಿದ 1200 ಡಿಗ್ರಿಯ ಆಸುಪಾಸಿನಲ್ಲಿ ಅದು ಕರಗುವುದೇ ಇಲ್ಲ. ಇದ್ದಿಲ ಹೊಗೆ ಅದಿರಿನ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ, ಕಿಟ್ಟ ಕರಗಿ ಕೆಳಗೆ ಹರಿಯುತ್ತದೆ, ತಳದಲ್ಲಿ ಸ್ಪಂಜಿನಂತಹ ಒಂದು ಮುದ್ದೆ ಉಳಿಯುತ್ತದೆ. ಅದನ್ನು ಕಾಯಿಸಿ, ಬಡಿದು, ಮತ್ತೆ ಕಾಯಿಸಿ, ಮತ್ತೆ ಬಡಿದು ಒಳಗಿನ ಕಿಟ್ಟವನ್ನು ಹಿಂಡಿ ತೆಗೆಯಬೇಕು. ಹೊಳೆಯುವ ದ್ರವವನ್ನು ಕಂಡು ಹಿಗ್ಗಿದ ಜನಕ್ಕೆ ಈ ಕರಿ ಮುದ್ದೆ ಲೋಹ ಎಂದು ಹೊಳೆಯಲು ಕಾಲ ಹಿಡಿಯಿತು ಎಂಬುದು ಸಾಂಪ್ರದಾಯಿಕ ವಿವರಣೆ.

ಆದರೆ ತಾಮ್ರವೇ ಸಿಗದ ಕಡೆ? ದಕ್ಷಿಣದ ಸ್ಥಿತಿ ಹೆಚ್ಚು ಕಡಿಮೆ ಅದೇ. ಚಿತ್ರದುರ್ಗದ ಹತ್ತಿರದ ಇಂಗಳದಾಳಿನಂಥ ಕೆಲವು ಕಡೆ ತಾಮ್ರದ ಅದಿರಿದೆ. ಕಂಚಿಗೆ ಬೇಕಾದ ತವರವಂತೂ ಇನ್ನೂ ಅಪರೂಪ. ಕಬ್ಬಿಣದ ಅದಿರು ಬಳ್ಳಾರಿ ಸಂಡೂರಿನಿಂದ ಸೇಲಂವರೆಗೆ ಬೆಟ್ಟಬೆಟ್ಟವೇ. ಮುಂಗಾರು ಮಳೆ ಬಿದ್ದಾಗ ಹಳ್ಳದಲ್ಲಿ ಕರಿ ಮರಳಾಗಿ ಹರಿದು ಬರುತ್ತದೆ, ಗುದ್ದಲಿ ಬೇಡ, ಬುಟ್ಟಿ ಸಾಕು. ದಕ್ಷಿಣದ ಜನ ಕಲ್ಲಿನ ಕೊಡಲಿ ಹಿಡಿದವರು ತಾಮ್ರಯುಗವನ್ನು ಪೂರ್ತಿಯಾಗಿ ಹಾಯದೆ ಕಬ್ಬಿಣಕ್ಕೆ ಬಂದರು ಎಂಬ ಮಾತು ಪುರಾತತ್ವದಲ್ಲಿ ಬಹಳ ಹಳೆಯದು. ಮೊದಲ ದಿನಗಳಿಂದ ಚರ್ಚೆ ಇದ್ದದ್ದು ಯಾವಾಗ ಎಂಬುದರ ಬಗ್ಗೆ.

ಆ ಚರ್ಚೆಯ ದೊಡ್ಡ ತಿರುವುಗಳು ಕರ್ನಾಟಕದಲ್ಲೇ ಆದವು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದರು. ಪದರು ಪದರಾಗಿ ಓದುವುದು ಅವರ ಹೆಗ್ಗಳಿಕೆ. ಕೆಳಗೆ ಕಲ್ಲಿನ ಕೊಡಲಿಯ ಜನ, ಅವರಲ್ಲಿ ತಾಮ್ರ ಕಂಚು ಬೆರಳೆಣಿಕೆಯಷ್ಟು. ಅದರ ಮೇಲೆ ಬೃಹತ್ ಶಿಲಾಸಮಾಧಿಗಳ, ಕಬ್ಬಿಣದ ಜನ. ಈ ಕಬ್ಬಿಣ ಬಂದದ್ದು ಕ್ರಿ.ಪೂ. 200ರ ಸುಮಾರಿಗೆ ಎಂದು ಅವರು ತೀರ್ಮಾನಿಸಿದರು. ಅದೇ ಊರಿನ ಅಶೋಕನ ಶಾಸನಕ್ಕಿಂತಲೂ ಈಚೆಗೆ! ಇಂಗಾಲದ ಕಾಲನಿರ್ಣಯ ಇನ್ನೂ ಬಾರದ ದಿನ, ಅವರನ್ನು ದೂರುವಂತಿಲ್ಲ. 1965ರಲ್ಲಿ ಎಂ. ಎಸ್. ನಾಗರಾಜರಾವ್ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ, ತುಂಗಭದ್ರೆಯ ದಂಡೆಯಲ್ಲಿ ಅಗೆದಾಗ ಕಬ್ಬಿಣ ಕಾಣಿಸಿಕೊಂಡ ಪದರದ ಇದ್ದಿಲಿಗೆ ಕ್ರಿ.ಪೂ. 1000ದ ಸುಮಾರಿನ ಕಾಲ ಬಂತು. ಒಂದೇ ಏಟಿಗೆ 800 ವರ್ಷ ಹಿಂದೆ. ಉತ್ತರದಿಂದ ಕಬ್ಬಿಣ ನಿಧಾನವಾಗಿ ಇಳಿದು ಬಂತು ಎಂಬ ಕಥೆಗೆ ಅಲ್ಲೇ ಬಿರುಕು ಬಿಟ್ಟಿತು. 2022ರ ಮೇ ತಿಂಗಳಲ್ಲಿ ತಮಿಳುನಾಡು ವಿಧಾನಸಭೆಯಲ್ಲಿ ಪ್ರಕಟವಾದ ಮಯಿಲಾಡುಂಪಾರೈನ ಕಾಲ ಕ್ರಿ.ಪೂ. 2172. ಅದು ಇರುವುದು ಕೃಷ್ಣಗಿರಿ ಜಿಲ್ಲೆಯಲ್ಲಿ, ಹೊಸೂರು ದಾಟಿದರೆ ಬೆಂಗಳೂರು. ಆ ಬೆಟ್ಟದ ಮೇಲೆ ಸಮಾಧಿ ಕಟ್ಟಿದವರಿಗೂ ಕೊಪ್ಪಳದ ಹಿರೇಬೆಣಕಲ್ಲಿನಲ್ಲಿ ಕಟ್ಟಿದವರಿಗೂ ನಡುವೆ ಚೆಕ್‌ಪೋಸ್ಟ್ ಇರಲಿಲ್ಲ. ಹಾಗಾಗಿ 2025ರ ವರದಿಯನ್ನು ಕನ್ನಡದ ಓದುಗರು 'ಅವರ ಹೆಮ್ಮೆ' ಎಂದು ಬದಿಗಿಟ್ಟರೆ ನಷ್ಟ ತಮ್ಮದೇ.

ಹಾಗೆಂದು ಕಣ್ಣು ಮುಚ್ಚಿ ಒಪ್ಪುವಂತೆಯೂ ಇಲ್ಲ. ಅದಕ್ಕೆ ಮತ್ತೆ ತುಕ್ಕಿನ ಹತ್ತಿರ ಹೋಗಬೇಕು.

ತಾಮ್ರದ ಮೇಲೆ ಕಿಲುಬು ಹಿಡಿದಾಗ ಅದು ಗಟ್ಟಿಯಾಗಿ ಮೈಗೆ ಅಂಟಿ ಕೂರುತ್ತದೆ, ಒಳಗಿನ ಲೋಹಕ್ಕೆ ಹೊದಿಕೆಯಾಗುತ್ತದೆ. ತುಕ್ಕು ಅಂಟುವುದಿಲ್ಲ. ಅದು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಉಬ್ಬಿ ಸಿಡಿಯುತ್ತದೆ, ಸಿಡಿದ ಕಡೆ ಹೊಸ ಕಬ್ಬಿಣ ಗಾಳಿಗೆ ತೆರೆದುಕೊಳ್ಳುತ್ತದೆ. ಹೀಗೆ ಕೊನೆಯ ಚೂರಿನವರೆಗೂ ತಿನ್ನುತ್ತ ಹೋಗುತ್ತದೆ. ಚೆನ್ನೈನಂಥ ಕಡಲೂರಿನಲ್ಲಿ ಉಪ್ಪುಗಾಳಿ ಎರಡಕ್ಕೂ ಶತ್ರು. ಕಂಚಿಗೂ ಒಂದು ರೋಗ ಬರುತ್ತದೆ: ಉಪ್ಪಿನ ಕ್ಲೋರೈಡ್ ಒಳಹೊಕ್ಕರೆ ತೇವ ಸಿಕ್ಕಾಗಲೆಲ್ಲ ತಿಳಿಹಸಿರು ಪುಡಿ ಉದುರಿ, ವಿಗ್ರಹದ ಮೈಯಲ್ಲಿ ಗುಳಿ ಬೀಳುತ್ತದೆ. 1930ರಲ್ಲಿ ಎಗ್ಮೋರಿನ ಸಂಗ್ರಹಾಲಯದಲ್ಲಿ ಎಸ್. ಪರಮಶಿವನ್ ರಾಸಾಯನಿಕ ಸಂರಕ್ಷಣೆಯ ಪ್ರಯೋಗಾಲಯ ಶುರು ಮಾಡಿದ್ದು ಮುಖ್ಯವಾಗಿ ಇದೇ ಕಾಯಿಲೆಗಾಗಿ. ವಿಗ್ರಹವನ್ನು ಕ್ಷಾರದ ದ್ರಾವಣದಲ್ಲಿ ಮುಳುಗಿಸಿ, ಹದವಾಗಿ ವಿದ್ಯುತ್ ಹರಿಸಿದರೆ ಕ್ಲೋರೈಡ್ ಹೊರಗೆ ಬರುತ್ತದೆ. ಕಂಚಿಗೆ ಹೀಗೆ ಮದ್ದಿದೆ. ಪೂರ್ತಿ ತುಕ್ಕಾದ ಕಬ್ಬಿಣದಲ್ಲಿ ಮದ್ದು ಮಾಡಲು ಲೋಹವೇ ಉಳಿದಿರುವುದಿಲ್ಲ.

ಎಗ್ಮೋರಿನ ನಿಜವಾದ ಐಶ್ವರ್ಯ ಎಂದರೆ ಜನ ತೋರಿಸುವುದು ತಿರುವಾಲಂಗಾಡಿನ ನಟರಾಜನನ್ನು. ಕಂಚು ಅಚ್ಚಿಗೆ ಹರಿಯುವ ದ್ರವವಾದ್ದರಿಂದಲೇ ಆ ಎತ್ತಿದ ಕಾಲು ಸಾಧ್ಯವಾಯಿತು. ಮೇಣದ ಮೂರ್ತಿಗೆ ಮಣ್ಣು ಮೆತ್ತಿ, ಮೇಣ ಕರಗಿಸಿ, ಆ ಪೊಳ್ಳಿಗೆ ಎರಕ ಹೊಯ್ಯುವ ವಿದ್ಯೆ ಅದು. ಸ್ಪಂಜಿನ ಮುದ್ದೆಯಾಗಿ ಹೊರಬರುವ ಕಬ್ಬಿಣದಿಂದ ಆಗದು. ಅದೇ ಊರಿನಲ್ಲಿ 1905ರಲ್ಲಿ ಸಿಕ್ಕ ರಾಜೇಂದ್ರ ಚೋಳನ 31 ತಾಮ್ರಪಟಗಳೂ ಇಲ್ಲಿಯವೇ. ಬಳೆಗೆ ಪೋಣಿಸಿ, ರಾಜಮುದ್ರೆ ಒತ್ತಿದ ಪುಸ್ತಕ, ಸಂಸ್ಕೃತ ಮತ್ತು ತಮಿಳು. ಗಂಗರು, ಕದಂಬರು, ಚಾಲುಕ್ಯರು ಕನ್ನಡ ನಾಡಿನಲ್ಲಿ ದಾನ ಕೊಟ್ಟಾಗ ಬರೆಸಿದ್ದೂ ತಾಮ್ರದ ಮೇಲೆಯೇ. ಊರಿಗೆಲ್ಲ ಸಾರಲು ಕಲ್ಲು, ಮನೆಯ ಪೆಟ್ಟಿಗೆಯಲ್ಲಿ ಇಡಲು ತಾಮ್ರ. ಮೃದುವಾದ ತಗಡು, ಅಕ್ಷರ ಕೊರೆಯಲು ಸುಲಭ, ಹಸಿರಾಗಿಯೂ ಅಕ್ಷರ ಕಳೆಯುವುದಿಲ್ಲ. ಕಬ್ಬಿಣದ ಹಲಗೆಯ ಮೇಲೆ ದಾನಪತ್ರ ಬರೆಸುವ ರೂಢಿ ಬೆಳೆಯದಿದ್ದುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಆದರೆ ಆ ತಗಡಿನ ಮೇಲೆ ಓಡಾಡಿದ ಉಳಿ ಕಬ್ಬಿಣದ್ದು. ಹಲ್ಮಿಡಿಯ ಕಲ್ಲನ್ನು ಕಡಿದದ್ದೂ ಕಬ್ಬಿಣ. ಶಾಸನದಲ್ಲಿ ದಾನವಾಗಿ ಹೋದ ಗದ್ದೆಯನ್ನು ಉತ್ತದ್ದು ಕಬ್ಬಿಣದ ಗುಳ, ಗಡಿಯ ಕಾಡು ಕಡಿದದ್ದು ಕಬ್ಬಿಣದ ಕೊಡಲಿ. ಗುಳ ಸವೆದರೆ ಕಮ್ಮಾರನಿಗೆ, ಅವನು ಕೈಬಿಟ್ಟರೆ ಮಣ್ಣಿಗೆ. ಕೊಟ್ಟವನ ಹೆಸರು ತಾಮ್ರದಲ್ಲಿ ಉಳಿಯಿತು, ಉತ್ತವನ ಸಲಕರಣೆ ಹೊಲದಲ್ಲಿ ಕೆಂಪು ಕಲೆಯಾಯಿತು. ದಕ್ಷಿಣ ಭಾರತದ ಇತಿಹಾಸ ದೇವರು ಮತ್ತು ದೊರೆಗಳ ಇತಿಹಾಸವಾಗಿ ಕಾಣುವುದರಲ್ಲಿ ಬರೆದವರ ಒಲವಿನ ಪಾತ್ರ ಎಷ್ಟೋ, ಈ ರಸಾಯನದ ಪಾತ್ರವೂ ಅಷ್ಟೇ ಇದೆ. ತಾಮ್ರದ ಪರವಾಗಿಯೂ ಒಂದು ಮಾತು ಹೇಳಬೇಕು. ಅದು ಬೆಲೆಯ ಲೋಹ, ಒಡೆದ ಹಂಡೆಯನ್ನು ಯಾರೂ ಎಸೆಯುವುದಿಲ್ಲ. ಕಂಚುಗಾರನ ಮೂಸೆಯಲ್ಲಿ ಅದು ಮತ್ತೆ ಮತ್ತೆ ಹುಟ್ಟುತ್ತದೆ. ಹಾಗಾಗಿ ಅಗೆದಾಗ ತಾಮ್ರ ಕಡಿಮೆ ಸಿಕ್ಕಿತೆಂದ ಮಾತ್ರಕ್ಕೆ ಬಳಕೆಯೇ ಕಡಿಮೆ ಇತ್ತು ಎನ್ನಲಾಗದು.

ಕಬ್ಬಿಣ ತನ್ನ ಸಾಕ್ಷಿಯನ್ನು ತಾನೇ ತಿನ್ನುವುದರಿಂದ ಕಾಲನಿರ್ಣಯ ಕಷ್ಟ. ಇಂಗಾಲದ ಪರೀಕ್ಷೆಗೆ ಇಂಗಾಲ ಬೇಕು. ಶಿವಗಳೈನಲ್ಲಿ ಪರೀಕ್ಷಿಸಿದ್ದು ಕಬ್ಬಿಣವನ್ನಲ್ಲ, ಅದರ ಜೊತೆ ಸಿಕ್ಕ ಇದ್ದಿಲು, ಧಾನ್ಯ, ಮಡಕೆಯ ಚೂರುಗಳನ್ನು. ಇದು ಎಲ್ಲರೂ ಬಳಸುವ ಕ್ರಮವೇ, ತಪ್ಪಲ್ಲ. ಆದರೆ ಇದ್ದಿಲು ಹೇಳುವುದು ಮರದ ಆ ಭಾಗ ಬೆಳೆದ ಕಾಲವನ್ನು. ನೂರಾರು ವರ್ಷ ಬಾಳಿದ ಮರದ ಒಳತಿರುಳಿರಬಹುದು, ಹಳೆಯ ತೊಲೆಯನ್ನು ಸುಟ್ಟಿರಬಹುದು, ಇನ್ನೂ ಹಳೆಯ ಬೂದಿ ಮಣ್ಣಿನೊಡನೆ ಗುಂಡಿಗೆ ಜಾರಿರಬಹುದು. ಭತ್ತದ ಕಾಳು ಒಂದು ಬೆಳೆಯ ಆಯುಷ್ಯದ್ದು, ಆ ಮೋಸ ಮಾಡುವುದಿಲ್ಲ. ಶಿವಗಳೈನ ಒಂದು ಮಡಕೆಯ ಭತ್ತಕ್ಕೆ ಬಂದ ಕಾಲ ಕ್ರಿ.ಪೂ. 1155, ಹಳ್ಳೂರಿನ ಆಸುಪಾಸಿನದೇ. ಅದೇ ಸ್ಮಶಾನದ ಇದ್ದಿಲಿಗೆ ಬಂದದ್ದು 3345. ನಡುವೆ 2000 ವರ್ಷಕ್ಕೂ ಹೆಚ್ಚಿನ ಅಂತರ. ಅಷ್ಟು ದೀರ್ಘಕಾಲ ಜನ ಅದೇ ಜಾಗದಲ್ಲಿ, ಅದೇ ರೀತಿಯ ಮಡಕೆಗಳಲ್ಲಿ ಹೂಳುತ್ತಿದ್ದರೇ? ಇದ್ದರೂ ಇರಬಹುದು. ಇದಕ್ಕೆ ಬೇಕಾದದ್ದು ಭಾಷಣವಲ್ಲ, ಇನ್ನೂ ಹತ್ತಾರು ಕಡೆಯ ಕಾಳುಗಳು, ಮತ್ತು ಮುಖ್ಯವಾಗಿ ಕಿಟ್ಟ ತುಂಬಿದ ಒಂದು ಹಳೆಯ ಕುಲುಮೆ. ಸಮಾಧಿಯಲ್ಲಿನ ಕತ್ತಿ ಎಲ್ಲಿಂದಲೋ ಬಂದಿರಬಹುದು. ಕುಲುಮೆ ಊರು ಬಿಟ್ಟು ನಡೆಯುವುದಿಲ್ಲ.

ಕಬ್ಬಿಣದೊಳಗೂ ಇಂಗಾಲವಿದೆ ಎಂಬುದು ಇಲ್ಲಿ ಆಸೆ ಹುಟ್ಟಿಸುವ ಸಂಗತಿ. 1800ರ ಏಪ್ರಿಲ್‌ನಲ್ಲಿ ಮದ್ರಾಸಿನಿಂದ ಹೊರಟು ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಮಾಗಡಿಯ ಕಡೆಯ ಘಟ್ಟಿಪುರದಲ್ಲಿ ಉಕ್ಕು ಮಾಡುವುದನ್ನು ಬರೆದಿಟ್ಟಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಡ್ಡಿ, ಒಂದಿಷ್ಟು ಹಸಿರೆಲೆ. ಬಾಯಿ ಮುಚ್ಚಿ ಕಾಯಿಸಿದರೆ ಗಿಡದ ಇಂಗಾಲ ಕಬ್ಬಿಣಕ್ಕೆ ಸೇರುತ್ತದೆ, ಸೇರಿದಷ್ಟೂ ಅದು ಕರಗುವ ಉಷ್ಣತೆ ಇಳಿಯುತ್ತದೆ, ಕೊನೆಗೆ ಹಟಮಾರಿ ಕಬ್ಬಿಣವೂ ತಾಮ್ರದಂತೆ ದ್ರವವಾಗುತ್ತದೆ. ತಮಿಳಿನ 'ಉರುಕ್ಕು' ಎಂದರೆ ಕರಗಿಸಿದ್ದು. ಹಳಗನ್ನಡದ 'ಉರ್ಕು' ಈಗಿನ ಉಕ್ಕು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಜಾರ್ಜ್ ಪಿಯರ್ಸನ್ ಬರೆದ 'ವೂಟ್ಸ್' ಇದೇ ಉಕ್ಕಿನ ಅಪಭ್ರಂಶ ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಹೆಸರಿನಲ್ಲೇ ಕರಗುವ ಕ್ರಿಯೆ ಇದ್ದದ್ದು ಇಂಗ್ಲಿಷರಿಗೆ ತಿಳಿಯಲಿಲ್ಲ. ಆ ತಂಗಡಿಯ, ಆ ಇದ್ದಿಲಿನ ಇಂಗಾಲ ಲೋಹದೊಳಗೆ ಸೆರೆಯಾಗಿ ಕೂತಿರುತ್ತದೆ. ಲೋಹ ಉಳಿದಿದ್ದರೆ ಅದನ್ನೇ ತೆಗೆದು ಕಾಲ ಕೇಳಬಹುದು. ಇಂದಿನ ಯಂತ್ರಗಳಿಗೆ ಮಿಲಿಗ್ರಾಂಗಳಷ್ಟು ಇಂಗಾಲ ಸಾಕು. ಇದ್ದಿಲಿಗೆ ಇರುವ ಹಳೆಯ ಮರದ ಅನುಮಾನ ಇದಕ್ಕೂ ಇದೆ, ಆದರೆ ಬೇರೆ ಬೂದಿ ಬೆರೆತ ಅನುಮಾನವಾದರೂ ತಪ್ಪುತ್ತದೆ. ಎಗ್ಮೋರಿನ ಆದಿಚ್ಚನಲ್ಲೂರು ಕತ್ತಿಗಳೊಳಗೆ, ತುಕ್ಕಿನ ಪದರುಗಳ ನಡುವೆ, ಒಂದು ಎಳೆ ಕಬ್ಬಿಣ ಎಲ್ಲಾದರೂ ಉಳಿದಿದ್ದರೆ ಅದಕ್ಕೆ ತನ್ನ ಕಾಲ ಗೊತ್ತು.

2025ರಲ್ಲಿ ವರದಿ ಬಿಡುಗಡೆಯಾದ ಗ್ರಂಥಾಲಯದ ಕಟ್ಟಡದಲ್ಲೇ, ಮೇಲಂತಸ್ತಿನಲ್ಲಿ, ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರವಿದೆ. ಕಾಲಿನ್ ಮೆಕೆಂಜಿ ಊರೂರು ಸುತ್ತಿಸಿ ಕೂಡಿಸಿದ ಸಂಗ್ರಹದಿಂದ ಬೆಳೆದ ಭಂಡಾರ. ತಮಿಳು, ಸಂಸ್ಕೃತ, ತೆಲುಗಿನ ಜೊತೆ ಕನ್ನಡದ ಓಲೆಕಟ್ಟುಗಳೂ ಅಲ್ಲಿವೆ. ಓಲೆಯ ಮೇಲೆ ಮೊದಲು ಕಬ್ಬಿಣದ ಕಂಠದಿಂದ ಅಕ್ಷರ ಗೀರುತ್ತಿದ್ದರು. ಆ ಹೊತ್ತಿಗೆ ಅದು ಕಣ್ಣಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಆಮೇಲೆ ಕಾಡಿಗೆ ಸವರಿ ಒರೆಸಿದರೆ ಗೀರಿನಲ್ಲಿ ಕಪ್ಪು ನಿಂತು ಓದಲು ಬರುತ್ತಿತ್ತು. ಓಲೆ ಇದೆ, ಕಾಡಿಗೆಯೂ ಇದೆ. ಅಷ್ಟೆಲ್ಲ ಬರೆದ ಕಂಠಗಳು ಎಲ್ಲಿ ಹೋದವೋ.